ಕಾಲು ತಟ್ಟುವ ಚರಣ

ಕೋವಿಡ್ ಮುಗಿದ ವರ್ಷದ ಮಾತು. ಆಗ ನಾನು ಪುಣೆಯ ಸ್ವಾರಗೇಟ್ ಹತ್ತಿರದ ಕಚೇರಿಯೊಂದರಲ್ಲಿ ಸ್ಟ್ರಕ್ಚರಲ್ ಇಂಜಿನಿಯರ್ ಆಗಿದ್ದೆ. ಹಳೆಯ ಕಟ್ಟಡ ನಿಲ್ಲುತ್ತದೋ ಬೀಳುತ್ತದೋ ಎಂದು ಹೇಳುವುದು ನನ್ನ ಕೆಲಸ. ಬಿಬವೇವಾಡಿಯಲ್ಲಿ ನಮ್ಮ ನೆರೆಯವರಾದ ಎಸ್ತರ್ ಟೀಚರ್, ತಮ್ಮ ಕನ್ನಡ ಚರ್ಚಿನ ಚಾವಣಿ ಸೋರುತ್ತಿದೆ, ನೋಡಬೇಕು ಎಂದರು. ಸೋಮವಾರ ತಪಾಸಣೆ ಎಂದು ನಿಗದಿಯಾಯಿತು. "ಐತವಾರನ ಬರ್ರಿ ಸಾಹೇಬ್ರ. ಕೃತಜ್ಞತಾ ಆರಾಧನೆ ಅದ, ನನ್ನ ಧಾಟಿ ಕೇಳ್ರಿ," ಎಂದು ಮುಂಚಿನ ಭಾನುವಾರಕ್ಕೇ ಕರೆದರು.

ಟೀಚರ್ ಬೆಟಗೇರಿಯವರು. ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದರು. ಚರ್ಚಿನ ಗಾಯಕವೃಂದವೂ ಅವರದೇ. ಕ್ರೈಸ್ತರಲ್ಲಿ ಬಹು ಹಳೆಯ ಒಂದು ಕೃತಜ್ಞತಾ ಸ್ತೋತ್ರವಿದೆ. ಮಾತುಗಳು ಅವೇ, ಧಾಟಿಗಳು ಮಾತ್ರ ನೂರೆಂಟು. ಮಠದ ಸನ್ಯಾಸಿಗಳು ವಾದ್ಯವಿಲ್ಲದೆ ಹಾಡಿದರು, ಆಮೇಲಿನ ಸಂಗೀತಗಾರರು ರಾಜರ ಗೆಲುವಿಗೆಂದು ತುತ್ತೂರಿ ನಗಾರಿ ಸೇರಿಸಿದರು ಎಂದು ಟೀಚರ್ ವಿವರಿಸುತ್ತಿದ್ದರು. ಇವರ ಚರ್ಚಿನಲ್ಲಿ ಹಿಂದಿನಿಂದ ಒಂದು ನಿಧಾನದ ಧಾಟಿಯಿತ್ತು. ಅದರ ಕೊನೆಯ ಚರಣಕ್ಕೆ ಗಾಯಕರು ಬಾಗಿಲ ಮೇಲಿನ ಮರದ ಗ್ಯಾಲರಿಯಿಂದ ಒಬ್ಬೊಬ್ಬರಾಗಿ ಇಳಿದು, ಹಾಡುತ್ತಲೇ ವೇದಿಯ ಮುಂದೆ ಬರುವುದು ಪದ್ಧತಿ. ಲಾಕ್‌ಡೌನಿನಲ್ಲಿ ಟೀಚರ್ ಡೊಳ್ಳಿನ ಲಯದಲ್ಲಿ ಹೊಸ ಧಾಟಿ ಕಟ್ಟಿದ್ದರು. ಅಭ್ಯಾಸವೆಲ್ಲ ಶಾಲೆಯ ಹಾಲಿನಲ್ಲಿ. ಎರಡು ವರ್ಷದ ಮೇಲೆ ಗ್ಯಾಲರಿ ಹತ್ತಿದ್ದು ಅಂದೇ.

ನಾನು ಗ್ಯಾಲರಿಯ ಕೆಳಗೆ, ಬಾಗಿಲ ಹತ್ತಿರ ನಿಂತಿದ್ದೆ. ಮೇಲೆ ನಲವತ್ತರ ಸುಮಾರು ಜನ, ಮುಂದಿನ ಸಾಲಿನಲ್ಲಿ ಟೀಚರ ತಾಯಿ. ಟೀಚರ್ ಕೆಳಗೆ ಹಾರ್ಮೋನಿಯಂ ಮುಂದೆ, ಮುಖ ಗ್ಯಾಲರಿಯ ಕಡೆಗೆ. ಎರಡನೆಯ ಚರಣ ಬಂದಾಗ ಮೇಲಿನವರೆಲ್ಲ ಒಟ್ಟಿಗೆ ಕಾಲು ತಟ್ಟಿದರು. ನನ್ನ ಭುಜದ ಮೇಲೆ ಏನೋ ಉದುರಿತು. ಮುಟ್ಟಿ ನೋಡಿದರೆ ಒದ್ದೆ ಮರದ ಪುಡಿ.

ತಲೆಯೆತ್ತಿದೆ. ತೊಲೆಯ ತುದಿ ಗೋಡೆಯೊಳಗೆ ಕೂರುವ ಜಾಗಕ್ಕೆ ನಾವು ಬೇರಿಂಗ್ ಎನ್ನುತ್ತೇವೆ, ಭಾರವೆಲ್ಲ ಅಲ್ಲೇ. ಅಲ್ಲಿ ಗಿಲಾವು ಬಿರಿದಿತ್ತು, ಪ್ರತಿ ತಾಳಕ್ಕೂ ಬಿರುಕು ತೆರೆದು ಮುಚ್ಚುತ್ತಿತ್ತು. ಲಾಕ್‌ಡೌನಿನಲ್ಲಿ ಚರ್ಚಿನ ಬಾಗಿಲು ಹಾಕಿದ್ದಷ್ಟು ದಿನವೂ ಚಾವಣಿಯ ನೀರು ಅಲ್ಲಿಗೇ ಇಳಿದಿರಬೇಕು. ಸುಮ್ಮನೆ ನಿಂತವರ ಭಾರ ಬೇರೆ, ಒಟ್ಟಿಗೆ ಕಾಲು ಬಡಿಯುವವರ ಭಾರ ಬೇರೆ. ಇದಕ್ಕೆ ಡೈನಾಮಿಕ್ ಲೋಡ್ ಎಂದು ಹೆಸರು. ಕೊಳೆತ ತೊಲೆ ಅದನ್ನು ತಾಳುವುದಿಲ್ಲ.

"ಇಳೀರಿ" ಎಂದು ಕೂಗಬೇಕೆನಿಸಿತು. ಆದರೆ ಕೂಗಿದ್ದರೆ ಅಷ್ಟೂ ಜನ ಕಿರಿದಾದ ಒಂದೇ ಮೆಟ್ಟಿಲಿನತ್ತ ನುಗ್ಗುತ್ತಿದ್ದರು. ಓಡದೆ ನಡೆದೇ ಹೋಗಿ ಟೀಚರ ಕಿವಿಯಲ್ಲಿ ಹೇಳಿದೆ: "ತೊಲಿ ಕೊಳತು ಹೋಗ್ಯದ್ರಿ. ಕಾಲು ತಟ್ಟೂದು ನಿಲ್ಲಸ್ರಿ. ಓಡಿದ್ರ ಬೀಳ್ತದ."

ಅವರು ಒಮ್ಮೆ ತಾಯಿಯ ಕಡೆ ನೋಡಿದರು. "ಯಾರನೂ ಹೆದರ್ಸಬ್ಯಾಡ್ರಿ. ನಾ ಇಳಸ್ತೀನಿ," ಎಂದವರೇ ತಮ್ಮ ಧಾಟಿಯನ್ನು ಅರ್ಧಕ್ಕೇ ಬಿಟ್ಟು ಹಳೆಯ ಧಾಟಿಯ ಕೊನೆಯ ಚರಣ ನುಡಿಸಿದರು. ಮೇಲಿನವರು ತಬ್ಬಿಬ್ಬಾದರು. ಟೀಚರ ತಾಯಿ ಮೊದಲು ದನಿ ಎತ್ತಿಕೊಂಡರು, ಉಳಿದವರು ಕೂಡಿಕೊಂಡರು. ಕಾಲುಗಳು ನಿಂತವು. ರೂಢಿಯಂತೆ ಒಬ್ಬೊಬ್ಬರೇ ಇಳಿಯತೊಡಗಿದರು.

ಅಷ್ಟರಲ್ಲಿ ನಾನು ಗ್ಯಾಲರಿಯ ಕೆಳಗಿನ ಬೆಂಚುಗಳಲ್ಲಿದ್ದವರಿಗೆ, "ಮುಂದ ಬರ್ರಿ, ಜಾಗ ಅದ," ಎಂದು ನಗುನಗುತ್ತಾ ಹೇಳಿ ಅಲ್ಲಿಂದ ಎಬ್ಬಿಸುತ್ತಿದ್ದೆ. ಆ ನಗು ಹೇಗಿತ್ತೋ ದೇವರಿಗೇ ಗೊತ್ತು. ಮುಂದಿನ ಸಾಲು ಮೆಟ್ಟಿಲಿಗೆ ದೂರ, ಹಾಗಾಗಿ ಟೀಚರ ತಾಯಿಯ ಸರದಿ ಕೊನೆಗೆ ಬಂತು. ಮಂಡಿನೋವಿನ ಮುದುಕಿ, ಪ್ರತಿ ಮೆಟ್ಟಿಲಿಗೂ ನಿಂತು, ಒಂದು ಸಾಲು ಹಾಡಿ, ಮತ್ತೆ ಕಾಲಿಡುತ್ತಿದ್ದರು. ಮಗಳು ಅದೇ ಚರಣವನ್ನು ಮತ್ತೆ ಮತ್ತೆ ನುಡಿಸುತ್ತಿದ್ದರು. ಬೆರಳು ತಪ್ಪಲಿಲ್ಲ, ಗಲ್ಲದಿಂದ ಬೆವರು ಮಾತ್ರ ತೊಟ್ಟಿಕ್ಕುತ್ತಿತ್ತು. ತಾಯಿ ನೆಲ ಮುಟ್ಟಿದ ಮೇಲೆಯೇ ಹಾರ್ಮೋನಿಯಂ ನಿಂತಿತು.

ಮರುದಿನ ಗಿಲಾವು ಬಿಡಿಸಿದಾಗ ತೊಲೆಯ ತುದಿ ಚಹಾದಲ್ಲಿ ಅದ್ದಿದ ರಸ್ಕಿನಂತೆ ಕೈಗೆ ಬಂತು.

ಅಪಾಯ ಗುರುತಿಸುವುದನ್ನು ನನಗೆ ಕಾಲೇಜು ಕಲಿಸಿತ್ತು. ಗುರುತಿಸಿದ ಮೇಲೆ ಜನರನ್ನು ಅವರಿಗೆ ಗೊತ್ತಿರುವ ದಾರಿಯಲ್ಲೇ ಹೊರಗೆ ತರಬೇಕು ಎಂಬುದನ್ನು ಕಲಿಸಿದವರು ಎಸ್ತರ್ ಟೀಚರ್.

ಮುಂದಿನ ವರ್ಷ, ಉಕ್ಕಿನ ತೊಲೆ ಹಾಕಿಸಿದ ಮೇಲೆ, ಹೊಸ ಧಾಟಿಯನ್ನು ಪೂರ್ತಿ ಹಾಡಿದರು. ನಾನು ಹೋದ ಸಲದಂತೆ ಗ್ಯಾಲರಿಯ ಕೆಳಗೇ ನಿಂತಿದ್ದೆ. ಕಾಲು ತಟ್ಟುವ ಚರಣಕ್ಕೆ ಮುಂಚೆ ಟೀಚರ್ ನನ್ನತ್ತ ನೋಡಿದರು. ಹೊಸ ತೊಲೆಯ ಲೆಕ್ಕ ನನ್ನದೇ, ಗಟ್ಟಿ ಲೆಕ್ಕ, ಹೂಂ ಎಂದು ತಲೆಯಾಡಿಸಿದೆ. ಮೇಲೆ ಕಾಲುಗಳೆಲ್ಲ ಒಟ್ಟಿಗೆ ಬಿದ್ದವು. ನನ್ನ ಕೈ ತಾನಾಗಿಯೇ ಭುಜಕ್ಕೆ ಹೋಗಿ ಪುಡಿ ಹುಡುಕಿತು.