ನೀರು ಸರಿಯಾಗಿ ಹೋಗುತ್ತಿದೆಯೇ

ಸಿಂಧನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅಂದು ಮುಂಜಾನೆ ಮೂವರಿದ್ದೆವು. ದಿಂಬಿಗೆ ಒರಗಿ ಮಂಚದ ಮೇಲೆ ಕೂತ ನನ್ನ ಸೋದರಮಾವ, ಕೆಳಗೆ ಅಕ್ಕಿ ಆರಿಸುತ್ತಿದ್ದ ಅತ್ತೆ, ಫೋನನ್ನು ಸ್ಪೀಕರಿಗೆ ಹಾಕಿ ಹಿಡಿದ ನಾನು. ದೂರದ ದೊಡ್ಡ ಆಸ್ಪತ್ರೆಯಲ್ಲಿ ಎದೆ ಕೊಯ್ಯದೆ, ತೊಡೆಯ ರಕ್ತನಾಳದಿಂದ ನಳಿಕೆ ತೂರಿಸಿ ಮಾವನ ಹೃದಯಕ್ಕೆ ಹೊಸ ಕವಾಟ ಕೂಡಿಸಿ, ನಾಲ್ಕನೆಯ ದಿನಕ್ಕೆ ಮನೆಗೆ ಕಳಿಸಿದ್ದರು. ಅವನ ಊರು ದಢೇಸುಗೂರು. ದವಾಖಾನೆ ಹತ್ತಿರವಿರಲೆಂದು ನಮ್ಮಲ್ಲಿಗೇ ಕರೆತಂದಿದ್ದೆ. ನನಗೆ ಮಾತು ಕಲಿಸಿದವನೇ ಅವನು. ಚಿಕ್ಕಂದಿನಲ್ಲಿ ಹೆಗಲ ಮೇಲೆ ಹೊತ್ತು ಬದುವಿನುದ್ದಕ್ಕೂ ಒಂದೊಂದು ಹುಲ್ಲಿನ ಹೆಸರು ಹೇಳಿಸಿದವನು.

ಫೋನು ಆಸ್ಪತ್ರೆಯ ಸಿಸ್ಟರದು. ಗುಳಿಗೆ ತಗೊಂಡ್ರಾ, ಉಸಿರು ಕಟ್ಟುತ್ತಾ ಎಂದೆಲ್ಲ ಕೇಳಿ ಕೊನೆಗೆ ಆಕೆ, "ತಾತ, ನೀರು ಸರಿಯಾಗಿ ಹೋಗ್ತಿದೆಯಾ?" ಎಂದಳು.

"ಹೋಗಾಕತ್ತೈತವ್ವ. ಚಲೋ ಹೋಗಾಕತ್ತೈತಿ."

"ಕಡಿಮೆ ಏನೂ ಇಲ್ಲ ತಾನೇ?"

"ಹೋದ ಸಲಕಿಂತ ಬೇಷ್ ಐತಿ."

ಆ ವಾರವೇ ಕಾಲುವೆಗೆ ನೀರು ಬಿಟ್ಟಿದ್ದರು. ಮಾವನ ಗದ್ದೆ ಕಾಲುವೆಯ ಕೊನೆಗೆ. ಅಲ್ಲಿಯವರೆಗೆ ನೀರು ಹೋಗುತ್ತಿದೆಯೇ ಎಂಬುದು ನಮ್ಮ ಕಡೆ ಯಾರು ಸಿಕ್ಕರೂ ಮೊದಲು ಕೇಳುವ ಮಾತು. ಮೂತ್ರಕ್ಕೆ ನಾವು ಕಾಲ್ಮಡಿ ಎನ್ನುವವರು.

"ಎಂಥಾ ಚಲೋ ಹೆಣ್ಮಗಳು ನೋಡಲೇ," ಎಂದ ಮಾವ. "ಗದ್ದಿ ಸುದ್ದೀನೂ ಕೇಳಿದ್ಲು."

"ನಿಮ್ಮ ಮಗಳು ಒಂದಿನರ ಕೇಳ್ಯಾಳೇನ್ರೀ?" ಎಂದಳು ಅತ್ತೆ. ನಾನೂ ನಕ್ಕೆ.

ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಅಷ್ಟರಲ್ಲಿ ಮಾವನ ಮುಖ ತುಂಬಿಕೊಂಡಿತ್ತು. "ಹೊಸಾ ವಾಲು ಕುಂದ್ರಿಸಿದ್ದು ಮಖದಾಗ ಕಾಣಾಕತ್ತೈತಿ, ಗಲ್ಲ ತುಂಬ್ಯಾವ," ಎಂದು ಅತ್ತೆ ದೃಷ್ಟಿ ತೆಗೆದಳು. ಚಪ್ಪಲಿ ಬಿಗಿಯಾಗುತ್ತದೆ ಎಂದದ್ದಕ್ಕೆ ನಾನು ಬಜಾರಿಗೆ ಹೋಗಿ ಒಂದು ಅಳತೆ ದೊಡ್ಡದನ್ನು ತಂದುಕೊಟ್ಟೆ.

ಮೂರನೆಯ ದಿನ ಮಸ್ಕಿಯಿಂದ ಅವನ ಹಳೆಯ ದೋಸ್ತ, ಟೇಲರ್ ಚಾಚಾ ಬಂದರು. ಲಿಂಗಸುಗೂರಿನಲ್ಲಿದ್ದ ತಮ್ಮನಿಗೆ ಕಿಡ್ನಿ ಬೇನೆಯಾದಾಗ ಎರಡು ವರ್ಷ ಆರೈಕೆ ಮಾಡಿದವರು. ಕೂತವರೇ ಮಾವನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದರು. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು.

"ಪೇಶಾಬ್ ಹೆಂಗೈತಿ ಬೇ?"

"ಎಲ್ಲೀದು. ನಿನ್ನಿ ಹೋಗಿದ್ದೆ, ಒಂದು ಬಟ್ಟಲಾನೂ ಆಗಲಿಲ್ಲ. ಇವತ್ತಂತೂ ಇಲ್ಲ. ಊಟ ಕಡಿಮಿ ಆಗೈತಿ, ಅದಕ್ಕ."

"ದವಾಖಾನಿಯವರು ಕೇಳಲಿಲ್ಲಾ?"

"ಅವರ್ಯಾಕ ಕೇಳ್ತಾರ? ಅವರು ಹಾರ್ಟಿನೋರು."

ಚಾಚಾ ನನ್ನ ಕಡೆ ತಿರುಗಿದರು. "ಗಾಡಿ ತರಿಸು ಬೇಟಾ. ಈಗಲೇ."

ಸಿಸ್ಟರು ಕೇಳಿದ್ದು ಯಾವ ನೀರು ಎಂದು ನನಗೆ ಹೊಳೆದದ್ದು ಆಗ.

ಸಿಂಧನೂರಿನ ದವಾಖಾನೆಯಲ್ಲಿ ರಕ್ತ ಪರೀಕ್ಷೆ ನೋಡಿದ ಡಾಕ್ಟರು, ಕವಾಟ ಚೆನ್ನಾಗಿದೆ, ಕಿಡ್ನಿ ನಿಂತುಹೋಗಿದೆ ಎಂದರು. ಕವಾಟ ಕೂಡಿಸುವಾಗ ಒಳಗಿನದು ಕಾಣಲೆಂದು ರಕ್ತಕ್ಕೆ ಬಿಡುವ ಔಷಧಿ, ಆ ಹೊತ್ತಿನಲ್ಲಿ ಇಳಿಯುವ ರಕ್ತದೊತ್ತಡ, ಎರಡನ್ನೂ ವಯಸ್ಸಾದವರ ಕಿಡ್ನಿ ಕೆಲವೊಮ್ಮೆ ತಾಳುವುದಿಲ್ಲವಂತೆ. ಬೇಗ ತಿಳಿದರೆ ಬಹಳ ಮಂದಿ ಸುಧಾರಿಸುತ್ತಾರಂತೆ.

"ಮೂತ್ರ ಎಷ್ಟು ದಿನದಿಂದ ಕಡಿಮೆ?"

"ಮೂರು ದಿನ ಆಗಿರಬೇಕು."

"ಆಸ್ಪತ್ರೆಯಿಂದ ಫೋನ್ ಮಾಡಿ ಕೇಳಿರಬೇಕಲ್ಲ?"

"ಕೇಳಿದ್ರು ಸರ್," ಎಂದೆ. ಅತ್ತೆ ನನ್ನ ಮುಖ ನೋಡುತ್ತಿದ್ದಳು.

ಡಯಾಲಿಸಿಸ್ ಶುರುವಾಯಿತು. ನಾಲ್ಕನೆಯ ಸಲ ಯಂತ್ರಕ್ಕೆ ಜೋಡಿಸಿದ ಅರ್ಧ ತಾಸಿಗೆ ಮಾವ ಚಳಿ ಎಂದ. ಅತ್ತೆ ಕೌದಿ ಹೊದಿಸಿದಳು. ಹನ್ನೊಂದೂವರೆಗೆ ತೀರಿಕೊಂಡ. ಮಧ್ಯಾಹ್ನ ಅವನನ್ನು ದಢೇಸುಗೂರಿಗೆ ಒಯ್ದಾಗ ಚಾಚಾ ನಮಗಿಂತ ಮೊದಲೇ ಬಂದು ಕಟ್ಟೆಯ ಮೇಲೆ ಕೂತಿದ್ದರು.