ಎದುರಂಗಡಿಗೆ ಕೊಟ್ಟ ಅಂಟು

ಪಾರಿಯೋನೆ ಬೀದಿಯಲ್ಲಿ ಪುಸ್ತಕ ಕಟ್ಟುವ ಅಂಗಡಿಗಳು ಏಳು. ಹಿಟ್ಟಿನ ಅಂಟಿಗೆ ಮಾಚಿಪತ್ರೆಯ ಕಷಾಯ ಬೆರೆಸುತ್ತಿದ್ದವನು ಎಜಿದಿಯೊ ಒಬ್ಬನೇ. ಕಹಿ ಇದ್ದರೆ ಹುಳ ಹತ್ತುವುದಿಲ್ಲ ಎಂದು ಅಪ್ಪ ಕಲಿಸಿದ್ದ. ಮೂವತ್ತು ವರ್ಷದಿಂದ ಕೈ ತಾನಾಗಿ ಅದನ್ನು ಮಾಡುತ್ತಿತ್ತು.

ಆ ವರ್ಷ ರೋಮಿನಲ್ಲಿ ರೊಟ್ಟಿ ಅಂಗೈಯಷ್ಟಾಯಿತು. ಎಜಿದಿಯೊ ನಾಲ್ಕು ಸಾಲು ಗೀಚಿದ. ನಮ್ಮ ರೊಟ್ಟಿ ಎಷ್ಟು ಕರಗಿತೆಂದು ಧಾನ್ಯದ ಉಸ್ತುವಾರಿ ಕಾರ್ಡಿನಲ್ಲರ ಸೊಂಟಪಟ್ಟಿಯನ್ನು ಕೇಳಿ, ಎಂದು ಅದರ ಸಾರ. ಬೆಳಗಿನ ಗಂಟೆಗೆ ಮುಂಚೆ ಅದನ್ನು ಪಾಸ್ಕ್ವೀನೊನ ಎದೆಗೆ ಅಂಟಿಸಿ ಬಂದ. ಕೈಯಿಲ್ಲದ, ಮೂಗು ಸವೆದ ಆ ಹಳೇ ಕಲ್ಲುಮೂರ್ತಿಯೇ ಊರಿನ ಬಾಯಿ. ಯಾರು ಬರೆದರೂ ಹೇಳಿದವನು ಪಾಸ್ಕ್ವೀನೊ.

ಮಧ್ಯಾಹ್ನ ಪಹರೆಯ ನಾಯಕ ಬೀದಿಗೆ ಬಂದ. ಚೀಟಿಯ ಹಿಂಬದಿ ನೆಕ್ಕಿ ನೋಡಿದ್ದನಂತೆ, ಕಹಿಯಿತ್ತಂತೆ. ಈಗ ಒಂದೊಂದೇ ಅಂಗಡಿಯ ಅಂಟಿಗೆ ಬೆರಳದ್ದಿ ರುಚಿ ನೋಡುತ್ತಿದ್ದ. ಸಿಕ್ಕವನಿಗೆ ಐದು ವರ್ಷ ಹಡಗಿನಲ್ಲಿ ಹುಟ್ಟು ಹಾಕುವ ಶಿಕ್ಷೆ.

ಎಜಿದಿಯೊ ಬೋಗುಣಿಯನ್ನು ಮೋರಿಗೆ ಸುರಿದು ತೊಳೆದ. ಹೊಸ ಹಿಟ್ಟು ಕಲಸಿ ಕುದಿಸಿದ. ನಾಯಕ ಬಂದು ಅದ್ದಿದ, ಸುಟ್ಟ ಬೆರಳು ಕೊಡವಿ ನೆಕ್ಕಿದ, ಸಪ್ಪೆಯೆಂದು ಉಗುಳಿ ಎದುರಂಗಡಿಗೆ ದಾಟಿದ.

ಆಗ ಎಜಿದಿಯೊಗೆ ನೆನಪಾಯಿತು. ಒಬ್ಬನ ಅಂಟು ಮುಗಿದರೆ ಇನ್ನೊಬ್ಬ ಕೊಡುವುದು ಬೀದಿಯ ರೂಢಿ. ನಿನ್ನೆ ಎದುರಂಗಡಿಯ ಬಾಲ್ದೊ ಬಟ್ಟಲು ಹಿಡಿದು ಬಂದು ಕಹಿ ಅಂಟು ತುಂಬಿಸಿಕೊಂಡು ಹೋಗಿದ್ದ.

"ಏನ್ ನಾಯಕ್ರೇ, ಮನೇಲಿ ಊಟ ಹಾಕ್ಲಿಲ್ವಾ?" ಎಂದ ಬಾಲ್ದೊ.

ನಾಯಕ ನೆಕ್ಕಿದ. ಮುಖ ಕಿವುಚಿದ. "ಯಾರ್ದಿದು?"

ಬಾಲ್ದೊಗೂ ಈಗ ಹೊಳೆಯಿತು. ಬೀದಿಯಾಚೆ ಒಮ್ಮೆ ನೋಡಿದ. ಬಾಲ್ದೊಗೆ ನಾಲ್ಕು ಮಕ್ಕಳು.

"ನಂದೇ. ನನ್ ಬಟ್ಟಲಲ್ಲಿ ಇನ್ಯಾರ್ದಿರತ್ತೆ?"

ಹಗ್ಗ ಹೊರಗೆ ಬಂತು. ಎಜಿದಿಯೊ ಬಾಗಿಲಲ್ಲಿ ನಿಂತಿದ್ದ. ಸುಮ್ಮನಿದ್ದರೆ ಸಾಕಿತ್ತು. ಬೀದಿ ದಾಟಿದ.

"ಬಿಡಿ ಅವನ್ನ. ಅವ್ನಿಗೆ ಹೆಸ್ರು ಬರೆಯೋಕೂ ಬರಲ್ಲ. ಅಂಟೂ ನಂದು, ಪದ್ಯಾನೂ ನಂದು."

"ನಿಂದು ಸಪ್ಪೆ ಇತ್ತಲ್ಲೋ."

"ಈಗ್ ಮಾಡಿದ್ದು. ನಿಮ್ ಬೆರಳು ನೋಡ್ಕೊಳ್ಳಿ."

ನಾಯಕ ಕೆಂಪಾದ ಬೆರಳನ್ನು ನೋಡಿಕೊಂಡ. ಹಗ್ಗವನ್ನು ಇತ್ತ ತಿರುಗಿಸಿದ.

"ಕತ್ತೆ, ಬಾಯ್ ಮುಚ್ಕೊಂಡ್ ಇರೋಕಾಗ್ಲಿಲ್ವಾ ನಿಂಗೆ," ಎಂದ ಬಾಲ್ದೊ.

"ಕನ್ಯಾಮಠದವರ ಪ್ರಾರ್ಥನೆ ಪುಸ್ತಕ ಒತ್ತುಮಣೇಲಿ ಬಿಗಿದಿಟ್ಟಿದೀನಿ. ಶುಕ್ರವಾರದವರೆಗೆ ಬಿಚ್ಬೇಡ, ಬೆನ್ನು ಬಾಗತ್ತೆ."

ಅವನನ್ನು ಕರೆದೊಯ್ದರು. ಬಾಲ್ದೊ ತನ್ನ ಬಾಗಿಲು ಎಳೆದುಕೊಂಡು, ಬೀದಿ ದಾಟಿ ಎಜಿದಿಯೊನ ಮಣೆಯ ಮೇಲೆ ಕೂತ. ಒತ್ತುಮಣೆಯ ತಿರುಪು ಸಡಿಲವಾಗಿದೆಯೇ ಎಂದು ಮುಟ್ಟಿ ನೋಡಿದ.