ಗಂಟಿಗೊಂದು ಸಾಲು

ಊರವರ ಕವಿತೆಗಳ ಪುಸ್ತಕಕ್ಕೆ ಆಯ್ಕೆ ಮಾಡುವ ಕೆಲಸ ನನ್ನದು. ಶಂಕರಪುರದ ಲಿಲ್ಲಿಬಾಯಿ ಕಳಿಸಿದ್ದು ಏಸುವಿನ ತಾಯಿ ಮರಿಯಮ್ಮನಿಗೆ ಬರೆದ ಪ್ರಾರ್ಥನೆ. ಪ್ರಾಸವಿಲ್ಲ, ಛಂದಸ್ಸಿಲ್ಲ. ಇದು ಕವಿತೆಯಲ್ಲ ಎಂದು ಹೇಳಲೆಂದೇ ಅವರ ಮನೆಗೆ ಹೋದೆ.

ಅವರು ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. "ಕವಿತೆಯೋ ಎಂತದೋ ನನಗೆ ಗೊತ್ತಿಲ್ಲ. ಹೂ ಕಟ್ಟುವಾಗ ಹೇಳುವುದು," ಎಂದು, ಕಟ್ಟುತ್ತಲೇ ಪ್ರಾರ್ಥನೆ ಹೇಳಿ ತೋರಿಸಿದರು.

ಒಂದು ಸಾಲು ಮುಗಿಯುವಾಗ ಬಾಳೆನಾರಿಗೆ ಸರಿಯಾಗಿ ಒಂದು ಗಂಟು ಬಿತ್ತು. ಮುಂದಿನ ಸಾಲಿಗೆ ಮತ್ತೊಂದು. ಕೊನೆಯವರೆಗೂ ಎಲ್ಲೂ ತಪ್ಪಲಿಲ್ಲ. ನನಗೆ ಮೈ ಜುಮ್ಮೆಂದಿತು.

"ಇದು ಕವಿತೆಯೇ ಲಿಲ್ಲಿಬಾಯಿ, ಮೊದಲ ಪುಟಕ್ಕೇ ಹಾಕುತ್ತೇನೆ," ಎಂದೆ.

ಅದೇ ಖುಷಿಯಲ್ಲಿ ನನ್ನದೊಂದು ಕವಿತೆಯನ್ನೂ ಓದಿದೆ. ಅವರು ನಾಲ್ಕು ಸಾಲಿಗೆ ಕಟ್ಟಿ ನೋಡಿ ನಾರು ಬಿಚ್ಚಿದರು. "ಬೇಜಾರು ಮಾಡಬೇಡಿ ಸರ್, ಇದರಲ್ಲಿ ಹೂ ನಿಲ್ಲುವುದಿಲ್ಲ."

ನನ್ನದನ್ನು ಕೊನೆಯ ಪುಟಕ್ಕೆ ಸರಿಸಿದ್ದೇನೆ. ತೆಗೆದೇ ಹಾಕುವಷ್ಟು ಭಕ್ತಿ ನನಗಿಲ್ಲ.